ಬಾಗಿಲ ಕಡೆಗೊಂದು ಕಿವಿ

ಡಬ್ಲಿನ್ ನಗರದ ಕಾಲುವೆಯ ದಂಡೆಯಲ್ಲಿ ಒಮ್ಮೆ ತಂದೆಯೊಬ್ಬ ತನ್ನ ಎಳೆಯ ಮಗನನ್ನು ಕರೆದುಕೊಂಡು ತಿರುಗಾಡಲು ಹೋಗಿದ್ದ. ನಡುವೆ ವಿನೋದಕ್ಕೆಂದು ಹುಡುಗನನ್ನೆತ್ತಿ ನೀರಿಗೆ ಎಸೆಯುವವನಂತೆ ನಟಿಸಿದ. ನಟನೆ ಕೈಮೀರಿ, ಹುಡುಗ ನಿಜವಾಗಿಯೂ ನೀರುಪಾಲಾಗುವುದು ಸ್ವಲ್ಪದರಲ್ಲಿ ತಪ್ಪಿತು. ಮನೆಗೆ ಬಂದ ಮೇಲೆ ಹುಡುಗ ತಾಯಿಯ ಬಳಿ ಸಾರಿ, ಅಪ್ಪ ಕುಡಿದಿರುವಂತೆ ತೋರುತ್ತದೆ ಎಂದು ಅಂಜುತ್ತ ಪಿಸುನುಡಿದ. ಕುಡಿಯದೆ ಇರುವುದಾದರೂ ಯಾವಾಗ ಎಂಬ ಅರ್ಥದ ಮಾತೊಂದನ್ನು ಆಕೆ ಬೇಸರದಿಂದ ಆಡಿದಳು, ಅಷ್ಟೆ.

ಆ ಹುಡುಗನೇ ಮುಂದೆ ಜಾರ್ಜ್ ಬರ್ನಾರ್ಡ್ ಷಾ ಎಂದು ಲೋಕವಿಖ್ಯಾತನಾದವನು. ಆ ದಿನದಿಂದ ಯಾವುದನ್ನೂ, ಯಾರನ್ನೂ ನಂಬುವುದು ತನಗೆ ಸಾಧ್ಯವಾಗಲಿಲ್ಲವೆಂದು ಆತ ನಟಿ ಎಲೆನ್ ಟೆರಿಗೆ ಬರೆದ ಪತ್ರವೊಂದರಲ್ಲಿ ಹೇಳಿಕೊಂಡಿದ್ದಾನೆ. ಷಾನ ಮಾತಿನಲ್ಲಿ ಅತಿಶಯೋಕ್ತಿ ಯಾವಾಗಲೂ ಸ್ವಲ್ಪ ಇರುತ್ತದೆ. ಅದನ್ನು ಕಳೆದು ನೋಡಿದರೂ ಇಲ್ಲಿ ಉಳಿಯುವುದು ಸಣ್ಣ ಸಂಗತಿಯಲ್ಲ. ಮಗುವಿನ ಪಾಲಿಗೆ ಆ ದಿನ ಎರಡು ಗುಟ್ಟುಗಳು ಒಟ್ಟಿಗೆ ಬಯಲಾದುವು. ತಂದೆ ಕುಡುಕನೆಂಬುದು ಒಂದು. ಅದು ತಾಯಿಗೆ ಮೊದಲಿನಿಂದಲೂ ಗೊತ್ತಿತ್ತೆಂಬುದು ಇನ್ನೊಂದು. ಎರಡನೆಯದೇ ಹೆಚ್ಚು ನೋಯಿಸಿರಬೇಕೆಂದು ನನ್ನ ಊಹೆ.

ಕುಡಿತದ ಮಾತು ಬಂದಾಗ ನಾವು ಸಾಮಾನ್ಯವಾಗಿ ಕುಡಿಯುವವನನ್ನು ಕುರಿತೇ ಯೋಚಿಸುತ್ತೇವೆ: ಅವನ ಯಕೃತ್ತು, ಅವನ ಸಂಬಳ, ಅವನ ಸಾಲ, ಅವನ ಸಾವು. ಬಾಟಲಿಯನ್ನು ಕೈಯಿಂದಲೂ ಮುಟ್ಟದೆ ಅದರ ಆಳಿಕೆಗೆ ಒಳಗಾದವರು ಅದೇ ಮನೆಯಲ್ಲಿ ಇರುತ್ತಾರೆಂಬುದು ನಮಗೆ ತಡವಾಗಿ ಹೊಳೆಯುತ್ತದೆ. ಅಂಥ ಮನೆಯಲ್ಲಿ ಸಂಜೆಯಾಯಿತೆಂದರೆ ಪ್ರತಿಯೊಬ್ಬರ ಒಂದು ಕಿವಿ ಬಾಗಿಲ ಕಡೆಗೆ ತಿರುಗಿರುತ್ತದೆ. ಹೆಂಡತಿ ಒಗ್ಗರಣೆ ಹಾಕುತ್ತಿರಲಿ, ಮಗ ಲೆಕ್ಕ ಮಾಡುತ್ತಿರಲಿ, ಮುದುಕಿ ಜಪ ಮಾಡುತ್ತಿರಲಿ, ಎಲ್ಲರೂ ಕೇಳುತ್ತಿರುವುದು ಒಂದೇ ಸದ್ದನ್ನು. ಬರುವವನ ಹೆಜ್ಜೆ ಇಂದು ಹೇಗಿದೆ? ಹೀಗೆ ಎಲ್ಲರ ಕಿವಿಯೂ ಒಂದು ಕಡೆಗೆ ತಿರುಗಿದ ಮನೆಯಲ್ಲಿ ಮಗುವಿನ ಮಾತನ್ನು ಕೇಳಲು ಯಾರೂ ಉಳಿದಿರುವುದಿಲ್ಲ. ಮಗು ಕಳೆದುಕೊಳ್ಳುವುದು ಕುಡಿಯುವ ತಂದೆಯನ್ನು ಮಾತ್ರವಲ್ಲ; ಕುಡಿಯದ ತಾಯಿಯನ್ನೂ ಕಳೆದುಕೊಳ್ಳುತ್ತದೆ. ಕುಡಿಯುವವಳು ತಾಯಿಯಾದರೆ ಈ ಲೆಕ್ಕ ತಿರುವುಮುರುವಾಗುತ್ತದೆ, ಮತ್ತು ಲೋಕದ ನಾಲಿಗೆ ಇನ್ನೂ ಹರಿತವಾಗುತ್ತದೆ; ಮಿಕ್ಕದ್ದು ಅದೇ.

ಷಾನ ಮನೆಯ ಕಥೆಯನ್ನೇ ಇನ್ನಷ್ಟು ನೋಡಬಹುದು. ಅವನ ತಂದೆ ಜಾರ್ಜ್ ಕಾರ್ ಷಾ ಧಾನ್ಯದ ವ್ಯಾಪಾರಿ. ತತ್ತ್ವದಲ್ಲಿ ಕಟ್ಟಾ ಪಾನವಿರೋಧಿ. ಕುಡಿತದ ಘೋರವನ್ನು ಮಗನಿಗೆ ಆತ ಎಷ್ಟು ಮನಮುಟ್ಟುವಂತೆ ವರ್ಣಿಸುತ್ತಿದ್ದನೆಂದರೆ, ಮಗ ಬಾಳಿನುದ್ದಕ್ಕೂ ಮದ್ಯವನ್ನು ಮುಟ್ಟಲಿಲ್ಲ. ವರ್ಣನೆ ಅಷ್ಟು ನಿಜವಾಗಿದ್ದುದು ಅನುಭವದಿಂದಲೇ. ಗೆಳೆಯರ ನಡುವೆ ಕುಳಿತು ನಕ್ಕು ನಲಿದು ಕುಡಿಯುವ ಜಾತಿಯವನಲ್ಲ ಆತ. ಕದ್ದು, ಒಬ್ಬನೇ, ನಾಚಿಕೆಪಡುತ್ತ ಕುಡಿಯುವವನು. ಅವನ ಹೆಂಡತಿ ಅವನಿಗಿಂತ ಸುಮಾರು ಹದಿನಾರು ವರ್ಷ ಚಿಕ್ಕವಳು. ಮದುವೆಯಾದ ಹೊಸತರಲ್ಲಿ, ಲಿವರ್‌ಪೂಲಿನಲ್ಲಿ, ಬಟ್ಟೆಯ ಬೀರು ತೆರೆದಾಗ ಅದರ ತುಂಬ ಬರಿದಾದ ಸೀಸೆಗಳು ಕಂಡುವಂತೆ. ಆಕೆ ಹೊರಗೋಡಿ ಬಂದರಿಗೆ ಹೋದಳು, ಹಡಗಿನಲ್ಲಿ ಪರಿಚಾರಿಕೆಯ ಕೆಲಸ ಹಿಡಿದು ಎಲ್ಲಿಗಾದರೂ ಹೊರಟುಹೋಗೋಣವೆಂದು; ಅಲ್ಲಿಯ ಒರಟು ಕೂಲಿಗಳನ್ನು ಕಂಡು ಹೆದರಿ ಹಿಂದಿರುಗಿದಳು. ಈ ಕಥೆಯನ್ನೂ ಮಗನೇ ಹೇಳಿದ್ದಾನೆ.

ಹಿಂದಿರುಗಿದವಳು ಸಂಸಾರ ಮಾಡಿದಳು. ಮೂರು ಮಕ್ಕಳನ್ನು ಹೆತ್ತಳು. ಆದರೆ ಅವಳ ಮನಸ್ಸು ಮನೆಯನ್ನು ಬಿಟ್ಟು ಸಂಗೀತದಲ್ಲಿ ನೆಲಸಿತು. ಮಕ್ಕಳು ಅಡಿಗೆಮನೆಯಲ್ಲಿ ಆಳುಗಳ ಕೈಯಲ್ಲಿ ಬೆಳೆದರು. ಆಕೆ ಕ್ರೂರಿಯಾಗಿರಲಿಲ್ಲ, ಹೊಡೆದವಳಲ್ಲ, ಬೈದವಳಲ್ಲ, ಕೇವಲ ಅಲ್ಲಿರಲಿಲ್ಲ. ಇತ್ತ ನೆಂಟರಿಷ್ಟರು ಔತಣಕ್ಕೆ ಕರೆಯುವುದನ್ನು ನಿಲ್ಲಿಸಿದರು, ಏಕೆಂದರೆ ಊಟಕ್ಕೆ ಬರುವಾಗಲೇ ಆತ ಕುಡಿದು ಬರುತ್ತಿದ್ದ. ಹೀಗೆ ಹೊರಗಿನ ಬಾಗಿಲುಗಳೂ ಒಂದೊಂದಾಗಿ ಮುಚ್ಚಿದುವು. ಉಳಿದದ್ದು ನಗೆ. ಅಪ್ಪನ ಕುಡಿತವನ್ನು ಅಳುವುದಕ್ಕೆ ಬದಲಾಗಿ ಮನೆಯವರೆಲ್ಲ ನಗುವುದಕ್ಕೆ ಬಳಸಿಕೊಂಡರು. ಷಾನ ನಾಟಕಗಳನ್ನು ಓದಿ ಆನಂದಿಸುವ ನಾವು, ಆ ನಗೆ ಹುಟ್ಟಿದ ಕೊಠಡಿ ಯಾವುದೆಂಬುದನ್ನು ಒಮ್ಮೆ ನೆನೆಯಬೇಕು. ಹಾಗೆಂದು ಕುಡುಕನ ಮಗನಾದ್ದರಿಂದಲೇ ಆತ ದೊಡ್ಡ ಲೇಖಕನಾದನೆಂದು ಯಾರೂ ಬಗೆಯಬಾರದು. ಆ ಕಾಲದ ಡಬ್ಲಿನ್ನಿನಲ್ಲಿ ಕುಡುಕರ ಮಕ್ಕಳು ಸಾವಿರಗಟ್ಟಲೆ ಇದ್ದರು, ಷಾ ಒಬ್ಬನೇ.

ಒಂದು ಭಾನುವಾರ ಮಧ್ಯಾಹ್ನ ಮನೆಯ ಹೊಸ್ತಿಲ ಮೇಲೆ ಮೂರ್ಛೆ ಬಂದು ಬಿದ್ದ ತಂದೆ ಅಂದಿನಿಂದ ಕುಡಿತವನ್ನು ಬಿಟ್ಟ. ನಿಜವಾಗಿ ಬಿಟ್ಟ, ಮತ್ತೆ ಮುಟ್ಟಲಿಲ್ಲ. ಆದರೆ ಅವನು ಬಿಟ್ಟುದರಿಂದ ಮನೆಯೇನೂ ಕೂಡಿಕೊಳ್ಳಲಿಲ್ಲ. 1873ರಲ್ಲಿ ಹೆಂಡತಿ ಹೆಣ್ಣುಮಕ್ಕಳೊಡನೆ ಲಂಡನ್ನಿಗೆ ಹೊರಟುಹೋದಳು. ಹದಿನಾರು ಹದಿನೇಳರ ಮಗ ಕಚೇರಿಯ ಗುಮಾಸ್ತನಾಗಿ ತಂದೆಯ ಜತೆಗೆ ಉಳಿದು, 1876ರಲ್ಲಿ ತಾನೂ ಹೊರಟ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಇದಕ್ಕೆ ಮತ್ತೆ ಬರುತ್ತೇನೆ.

ಸಾಹಿತ್ಯ ಈ ವಿಷಯವನ್ನು ಬಲ್ಲದು. 1865ರಲ್ಲಿ ಸಾಲಗಾರರ ಕಾಟದಿಂದ ಕಂಗಾಲಾಗಿದ್ದ ದಾಸ್ತಯೇವ್‌ಸ್ಕಿ ಒಬ್ಬ ಸಂಪಾದಕನಿಗೆ ‘ಕುಡುಕರು’ ಎಂಬ ಕಾದಂಬರಿಯನ್ನು ಕೊಡುವುದಾಗಿ ಬರೆದ. ಅದರಲ್ಲಿ ಅವನು ಚಿತ್ರಿಸಬಯಸಿದ್ದು ಕುಡಿತವನ್ನಷ್ಟೇ ಅಲ್ಲ, ಕುಡಿತದ ನೆರಳಿನಲ್ಲಿ ಬದುಕುವ ಸಂಸಾರಗಳನ್ನು, ಅಲ್ಲಿ ಮಕ್ಕಳು ಬೆಳೆಯುವ ಬಗೆಯನ್ನು. ಕೊಳ್ಳುವವರಿಲ್ಲದೆ ಆ ಪುಸ್ತಕ ನಿಂತಿತು. ಅದರ ಜೀವ ‘ಅಪರಾಧ ಮತ್ತು ಶಿಕ್ಷೆ’ಯೊಳಗೆ ಮಾರ್ಮೆಲಾದೊವ್ ಎಂಬ ಗುಮಾಸ್ತನಾಗಿ ಬಂತು. ಹೆಂಡತಿಯ ಕಾಲುಚೀಲವನ್ನೂ ಮಾರಿ ಕುಡಿದು, ಮಗಳು ಸೋನ್ಯಾ ಬೀದಿಗಿಳಿಯುವುದನ್ನು ಕಂಡೂ ಕುಡಿದು, ಅದನ್ನೆಲ್ಲ ಹೆಂಡದಂಗಡಿಯಲ್ಲಿ ಅಪರಿಚಿತನ ಮುಂದೆ ಕಣ್ಣೀರಿಟ್ಟು ಹೇಳಿಕೊಳ್ಳುವ ಆ ಮನುಷ್ಯನನ್ನು ಓದಿದವರು ಮರೆಯಲಾರರು. ಅಪರಿಚಿತನಿಗೆ ಹೇಳಿದ ಮಾತನ್ನು ಅವನು ಮನೆಯಲ್ಲಿ ಹೇಳಲಾರ. ಮನೆಯಲ್ಲಿ ಅದಕ್ಕೆ ಜಾಗವಿಲ್ಲ.

ಜೇಮ್ಸ್ ಜಾಯ್ಸ್‌ನ ‘ಡಬ್ಲಿನರ್ಸ್’ (1914) ಸಂಕಲನದಲ್ಲಿ ‘ಕೌಂಟರ್‌ಪಾರ್ಟ್ಸ್’ ಎಂಬ ಕಥೆಯಿದೆ. ಫಾರಿಂಗ್ಟನ್ ಎಂಬ ನಕಲುಗುಮಾಸ್ತ ಹಗಲೆಲ್ಲ ಯಜಮಾನನಿಂದ ಬೈಸಿಕೊಳ್ಳುತ್ತಾನೆ. ಗಡಿಯಾರವನ್ನು ಗಿರವಿಯಿಟ್ಟು ಬಂದ ಹಣದಿಂದ ಸ್ನೇಹಿತರಿಗೆ ಕುಡಿಸುತ್ತಾನೆ. ತೋಳ್ಬಲದ ಪಂದ್ಯದಲ್ಲಿ ಒಬ್ಬ ಎಳೆಯನಿಗೆ ಸೋಲುತ್ತಾನೆ. ನಿಶೆಯೂ ಸರಿಯಾಗಿ ಏರದೆ, ಹಣವೂ ಮುಗಿದು, ಉರಿಯುತ್ತ ಮನೆಗೆ ಬಂದರೆ ಹೆಂಡತಿ ಚರ್ಚಿಗೆ ಹೋಗಿದ್ದಾಳೆ, ಒಲೆ ಆರಿದೆ. ಎದುರಿಗೆ ಸಿಕ್ಕವನು ಚಿಕ್ಕ ಮಗ. ಕೋಲು ಮೇಲೆತ್ತಿದಾಗ ಹುಡುಗ ಮೊಳಕಾಲೂರಿ, ಹೊಡೆಯದಿದ್ದರೆ ನಿನ್ನ ಪರವಾಗಿ ಮೇರಿಮಾತೆಗೆ ಪ್ರಾರ್ಥನೆ ಸಲ್ಲಿಸುತ್ತೇನೆಂದು ಬೇಡಿಕೊಳ್ಳುತ್ತಾನೆ. ಕಥೆ ಅಲ್ಲಿಗೆ ನಿಲ್ಲುತ್ತದೆ. ಯಜಮಾನನಿಂದ ಹೊರಟ ಅವಮಾನ ಪೇಟೆಯನ್ನೆಲ್ಲ ಸುತ್ತಿ, ತನಗಿಂತ ದುರ್ಬಲವಾದ ಮೈಯನ್ನು ಹುಡುಕಿಕೊಂಡು ಮನೆ ಸೇರುವ ದಾರಿಯನ್ನು ಇದಕ್ಕಿಂತ ನಿಷ್ಠುರವಾಗಿ ತೋರಿಸಿದ ಬರಹವನ್ನು ನಾನು ಕಾಣೆ.

ಜಾಯ್ಸ್ ಇದನ್ನು ದೂರದಿಂದ ನೋಡಿ ಬರೆದವನಲ್ಲ. ಅವನ ತಂದೆ ಜಾನ್ ಸ್ಟ್ಯಾನಿಸ್ಲಾಸ್ ಜಾಯ್ಸ್ ತೆರಿಗೆ ವಸೂಲಿಯ ಒಳ್ಳೆಯ ಕೆಲಸದಲ್ಲಿದ್ದವನು, ಒಳ್ಳೆಯ ಹಾಡುಗಾರ, ಮಾತುಗಾರ. ಕೆಲಸ ಹೋಯಿತು, ಆಸ್ತಿ ಕರಗಿತು. ಹತ್ತು ಮಕ್ಕಳ ಸಂಸಾರ ಒಂದು ಮನೆಯಿಂದ ಅದಕ್ಕಿಂತ ಬಡಮನೆಗೆ, ಅಲ್ಲಿಂದ ಇನ್ನೊಂದಕ್ಕೆ ಸಾಮಾನು ಹೊತ್ತು ಅಲೆಯಿತು. ನನಗೆ ವಿಸ್ಮಯವಾಗುವುದು ಅವನ ಇಬ್ಬರು ಗಂಡುಮಕ್ಕಳ ಸಂಗತಿ. ಹಿರಿಯ ಜೇಮ್ಸನಿಗೆ ತಂದೆಯ ಮೇಲೆ ಕೊನೆಯವರೆಗೂ ಮಮತೆ. ತಂದೆಯ ಮಾತಿನ ಸೊಗಸೆಲ್ಲ ಅವನ ಪುಸ್ತಕಗಳೊಳಗೆ ಹರಿದಿದೆ, ತಂದೆಯ ಕುಡಿತವೂ ಅವನಿಗೆ ಬಂತು. ಕಿರಿಯ ಸ್ಟ್ಯಾನಿಸ್ಲಾಸ್ ತಂದೆಯನ್ನು ದ್ವೇಷಿಸಿದ. ಅವನು 1905ರಲ್ಲಿ ಟ್ರಿಯೆಸ್ಟ್ ನಗರಕ್ಕೆ ಅಣ್ಣನ ಬಳಿಗೆ ಹೋದ ಮೇಲೆ ಮಾಡಿದ ಕೆಲಸ ಯಾವುದು? ಅಣ್ಣನ ಸಂಸಾರಕ್ಕೆ ಹಣ ಕೊಡುವುದು, ಹೆಂಡದಂಗಡಿಗಳಿಂದ ಅಣ್ಣನನ್ನು ಎಬ್ಬಿಸಿ ಮನೆಗೆ ತರುವುದು. ಸತ್ತ ಮೇಲೆ 1958ರಲ್ಲಿ ಹೊರಬಂದ ಅವನ ನೆನಪುಗಳ ಪುಸ್ತಕಕ್ಕೆ ಅಣ್ಣನ ಕಾವಲುಗಾರನೆಂಬ ಅರ್ಥದ ಹೆಸರಿದೆ. ತಂದೆಯ ಮನೆಯನ್ನು ಬಿಟ್ಟು ಓಡಿದವನು ಸಾವಿರ ಮೈಲಿಯಾಚೆ ಅದೇ ಮನೆಯನ್ನು ಮತ್ತೆ ಕಟ್ಟಿಕೊಂಡ.

ಒಂದೇ ಮನೆಯ ಮಕ್ಕಳಲ್ಲಿ ಒಬ್ಬ ಕುಡಿಯುವುದೂ ಇನ್ನೊಬ್ಬ ಮುಟ್ಟದಿರುವುದೂ ಹೇಗೆ? ರಕ್ತದ ಪಾಲು ಇದೆ ಎಂಬುದರಲ್ಲಿ ಈಗ ಸಂದೇಹವಿಲ್ಲ. ಡೆನ್ಮಾರ್ಕಿನಲ್ಲಿ ಎಳವೆಯಲ್ಲೇ ದತ್ತು ಹೋಗಿ ಬೇರೆಯವರ ಮನೆಯಲ್ಲಿ ಬೆಳೆದ ಗಂಡುಮಕ್ಕಳನ್ನು ಗುಡ್ವಿನ್ ಮತ್ತು ಸಂಗಡಿಗರು ಪರೀಕ್ಷಿಸಿ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆತ್ತವರು ವ್ಯಸನಿಗಳಾಗಿದ್ದವರ ಮಕ್ಕಳಲ್ಲಿ ಮದ್ಯವ್ಯಸನ ಇತರರಿಗಿಂತ ಸುಮಾರು ನಾಲ್ಕು ಪಾಲು ಹೆಚ್ಚಾಗಿ ಕಂಡಿತು. ಆದರೂ ಅವರಲ್ಲಿ ಹೆಚ್ಚಿನವರು ವ್ಯಸನಿಗಳಾಗಲಿಲ್ಲ ಎಂಬುದು ಅದೇ ಅಧ್ಯಯನದ ಇನ್ನೊಂದು ಮುಖ. ಕುಡುಕನ ಮಗ ಕುಡುಕನೇ ಆಗುತ್ತಾನೆಂದು ಊರು ಆಡುವ ಮಾತು ಸುಳ್ಳು. ಆ ಮಾತನ್ನು ಕೇಳುತ್ತ ಬೆಳೆಯುವ ಹುಡುಗನಿಗೆ ಅದು ಶಾಪ.

ಇವೆಲ್ಲ ದೂರದ ದೇಶದ ಕಥೆಗಳಾದುವು. ಹತ್ತಿರದ್ದನ್ನು ಹೇಳದಿದ್ದರೆ ನನ್ನ ಮಾತು ಅರ್ಧವಾದೀತು. ಹಲವು ವರ್ಷಗಳ ಹಿಂದೆ, ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಾಗ, ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಂದೆಯ ಸಹಿಯನ್ನು ತಾನೇ ಹಾಕಿ ಅಂಕಪಟ್ಟಿಯನ್ನು ಹಿಂದಿರುಗಿಸಿದಳು. ಅಂಕಗಳು ಕಡಿಮೆಯಾಗಿದ್ದರೆ ಕಾರಣ ಅರ್ಥವಾಗುತ್ತಿತ್ತು. ಅವಳು ತರಗತಿಗೆ ಮೊದಲನೆಯವಳು. ಎಲ್ಲರೆದುರಿಗೆ ನಿಲ್ಲಿಸಿ, ಮೋಸ ಎಂಬ ಪದವನ್ನು ಬಳಸಿ ಗದರಿಸಿದೆ. ಅವಳು ಅಳಲಿಲ್ಲ, ಕಾರಣವನ್ನೂ ಹೇಳಲಿಲ್ಲ. ವಿಷಯ ತಿಳಿದುದು ತಿಂಗಳುಗಳ ಮೇಲೆ, ಅದೂ ಬೇರೆಯವರಿಂದ. ಬೆಳಿಗ್ಗೆ ತಂದೆಯ ಕೈ ಲೇಖನಿ ಹಿಡಿಯಲಾರದಷ್ಟು ನಡುಗುತ್ತಿತ್ತು. ಸಂಜೆ ಕೈ ನಡುಗುತ್ತಿರಲಿಲ್ಲ, ಆದರೆ ಆಗ ಹತ್ತಿರ ಸುಳಿಯುವಂತಿರಲಿಲ್ಲ. ಅವಳು ಅಂಕಪಟ್ಟಿಗೆ ಮಾತ್ರ ಸಹಿ ಹಾಕಿದವಳಲ್ಲ. ತಂದೆಯ ಕಚೇರಿಗೆ ಹೋಗುತ್ತಿದ್ದ ರಜಾ ಅರ್ಜಿಗಳೆಲ್ಲ, ಜ್ವರವೆಂದೋ ಸಮೀಪದ ಬಂಧುಗಳ ಮರಣವೆಂದೋ ಕಾರಣ ಕೊಟ್ಟು, ಅವಳ ಕೈಯಿಂದಲೇ ಹೋಗುತ್ತಿದ್ದುವು. ಅವಳ ಪ್ರಬಂಧಗಳಲ್ಲಿ ಮಕ್ಕಳಿಗೆ ಸಹಜವಲ್ಲದ ಕಚೇರಿಯ ವಿನಯವೊಂದು ಇರುತ್ತಿತ್ತು. ಅದನ್ನು ಮೆಚ್ಚಿ ಹೆಚ್ಚು ಅಂಕ ಕೊಟ್ಟವನು ನಾನು.

ಅವಳ ತಮ್ಮನೂ ಅದೇ ಶಾಲೆಯವನು. ಚೇಷ್ಟೆ, ಜಗಳ, ಪ್ರತಿ ಪರೀಕ್ಷೆಯಲ್ಲೂ ಹಿಂದೆ. ಅಕ್ಕನನ್ನು ನೋಡಿ ಕಲಿ ಎಂದು ನಾವೆಲ್ಲ ಅವನಿಗೆ ಹೇಳುತ್ತಿದ್ದೆವು. ಅಕ್ಕನ ಜಾಣತನವೂ ತಮ್ಮನ ಪುಂಡಾಟವೂ ಒಂದೇ ಬೇರಿನಿಂದ ಬಂದುವೆಂದು ನಮಗೆ ತೋಚಲಿಲ್ಲ. ಒಬ್ಬಳು ಯಾರಿಗೂ ತೊಂದರೆಯಾಗದಂತೆ ಬದುಕಿ ಮನೆಯನ್ನು ಎತ್ತಿಹಿಡಿಯಲು ಹೊರಟಿದ್ದಳು. ಇನ್ನೊಬ್ಬ, ಕಿವಿ ಬಾಗಿಲ ಕಡೆಗೇ ಇದ್ದ ಮನೆಯಲ್ಲಿ ತನ್ನ ಕಡೆಗೆ ಯಾರಾದರೂ ತಿರುಗಲೆಂದು ಗದ್ದಲ ಮಾಡುತ್ತಿದ್ದ. ಅಂಥ ಮನೆಗಳ ಮಕ್ಕಳೊಡನೆ ಕೆಲಸ ಮಾಡಿದ ಅಮೆರಿಕದ ಕ್ಲಾಡಿಯಾ ಬ್ಲ್ಯಾಕ್ 1980ರ ದಶಕದ ಆರಂಭದಲ್ಲಿ ಬರೆದ ಪುಸ್ತಕದಲ್ಲಿ, ಮನೆಯ ಹೊಣೆಯನ್ನೆಲ್ಲ ತಲೆಯ ಮೇಲೆ ಹೊತ್ತ ಮಗುವನ್ನು ಯಾರೂ ಗಮನಿಸುವುದಿಲ್ಲವೆಂದು ತೋರಿಸಿದ್ದಾಳೆ. ಅದು ಅಳದು, ಬೇಡದು, ಸೋಲದು. ಆದ್ದರಿಂದ ಅದಕ್ಕೆ ನೋವಿದೆಯೆಂದು ಉಪಾಧ್ಯಾಯನಿಗೆ ತಿಳಿಯದು. ಮಾತನಾಡದಿರುವುದು, ನಂಬದಿರುವುದು, ತನಗೇನನ್ನಿಸುತ್ತದೆಂಬುದನ್ನು ತಾನೇ ಅರಿಯದಿರುವುದು, ಇವು ಆ ಮನೆಗಳ ಅಲಿಖಿತ ಕಟ್ಟಳೆಗಳಂತೆ. ನನ್ನೆದುರು ಬಾಯಿ ಮುಚ್ಚಿ ನಿಂತಿದ್ದ ಹುಡುಗಿ ಆ ಕಟ್ಟಳೆಯನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಳು.

ಬಡವರ ಕೇರಿಯಲ್ಲಿ ಈ ಸಂಗತಿ ಗುಟ್ಟಾಗಿ ಉಳಿಯುವುದಿಲ್ಲ. ಬಟವಾಡೆಯ ಸಂಜೆ ಗಲಾಟೆ ಬೀದಿಗೆ ಬರುತ್ತದೆ. ನೆರೆಯ ಹೆಂಗಸು ಬಂದು ಮಗುವನ್ನು ತನ್ನ ಮನೆಗೆ ಎತ್ತಿಕೊಂಡು ಹೋಗುತ್ತಾಳೆ. ಗೋಡೆಗಳು ದಪ್ಪವಾದಷ್ಟೂ ಈ ಸಹಾಯ ಕಡಿಮೆ. ನಡುವಣ ವರ್ಗದ ಮನೆಯಲ್ಲಿ ಕಿಟಕಿ ಮುಚ್ಚಿ, ರೇಡಿಯೋ ಅಥವಾ ದೂರದರ್ಶನದ ಸದ್ದನ್ನು ಏರಿಸಿ, ಮರುದಿನ ‘ಅವರಿಗೆ ಮೈ ಸರಿಯಿಲ್ಲ’ ಎನ್ನುತ್ತಾರೆ. ತುಂಬ ಕಷ್ಟವಾದುದು ಕುಡಿದ ರಾತ್ರಿಯೂ ಅಲ್ಲ, ಮಾರನೆಯ ಬೆಳಗು. ಪಶ್ಚಾತ್ತಾಪದಿಂದ ಮೆತ್ತಗಾದ ತಂದೆ ಮಕ್ಕಳ ತಲೆ ನೇವರಿಸುತ್ತಾನೆ, ಸಂಜೆ ಜಿಲೇಬಿ ತರುತ್ತೇನೆನ್ನುತ್ತಾನೆ, ಕೆಲವೊಮ್ಮೆ ತಂದೂ ತರುತ್ತಾನೆ. ಯಾವಾಗಲೂ ಕೆಟ್ಟವನಾದ ತಂದೆಯನ್ನು ಮಗು ದ್ವೇಷಿಸಿ ಹಗುರಾಗಬಹುದು. ಹಾಗೆ ಯಾವಾಗಲೂ ಕೆಟ್ಟವನಾದ ಮನುಷ್ಯ ಬಹಳ ಅಪರೂಪ. ಜಿಲೇಬಿಯ ಆಸೆಯನ್ನೂ ಏಟಿನ ಭಯವನ್ನೂ ಒಂದೇ ಹೆಜ್ಜೆಯ ಸದ್ದಿಗೆ ಕಟ್ಟಿಕೊಂಡ ಮಗು ಎರಡನ್ನೂ ಬಿಡಿಸಿಕೊಳ್ಳಲಾರದು.

ಕುಡಿಯುವವನ ಹೆಂಡತಿಯನ್ನು ಕುರಿತು ಹಿಂದೆ ವಿದ್ವಾಂಸರು ಬಹಳ ಅನ್ಯಾಯದ ಮಾತಾಡಿದ್ದಾರೆ. ಆಕೆಯ ಸ್ವಭಾವದ ದೋಷವೇ ಗಂಡನನ್ನು ಕುಡಿಸುತ್ತದೆಂದು ಬರೆದವರೂ ಇದ್ದರು. ನಮ್ಮ ಅತ್ತೆಯಂದಿರು ಯಾವ ಗ್ರಂಥವನ್ನೂ ಓದದೆ ಇದೇ ತೀರ್ಮಾನಕ್ಕೆ ಬಂದಿದ್ದರೆಂಬುದು ಬೇರೆ ಮಾತು. 1954ರಲ್ಲಿ ಜೋನ್ ಜಾಕ್ಸನ್ ಎಂಬ ಸಮಾಜಶಾಸ್ತ್ರಜ್ಞೆ ಅಂಥ ಹೆಂಡತಿಯರ ಮಾತನ್ನೇ ಕುಳಿತು ಕೇಳಿ, ಮನೆ ಹೇಗೆ ಹಂತಹಂತವಾಗಿ ಬದಲಾಗುತ್ತದೆಂಬುದನ್ನು ಬರೆದಳು. ಮೊದಲು ಏನೂ ಆಗಿಲ್ಲವೆಂದು ನಟಿಸುವುದು. ಆಮೇಲೆ ಸೀಸೆ ಬಚ್ಚಿಡುವುದು, ಆಣೆ ಹಾಕಿಸುವುದು. ಆಮೇಲೆ ಕೈಚೆಲ್ಲಿ ಎಲ್ಲವೂ ಕಲಸಿಹೋಗುವುದು. ಒಂದು ದಿನ ಆಕೆ ಸೆರಗು ಬಿಗಿದು ಗಂಡನಿಲ್ಲದಂತೆಯೇ ಮನೆಯನ್ನು ನಡೆಸತೊಡಗುತ್ತಾಳೆ: ಲೆಕ್ಕ ಅವಳದು, ಅಪ್ಪಣೆ ಅವಳದು, ಮಕ್ಕಳು ಕೇಳುವುದು ಅವಳನ್ನು. ಗಂಡ ಮನೆಯೊಳಗಿನ ಹಿರಿಯ ಮಗುವಾಗುತ್ತಾನೆ. ಕೆಲವರು ಬಿಟ್ಟುಹೋಗುತ್ತಾರೆ. ಕೆಲವು ಮನೆಗಳಲ್ಲಿ ಆತ ಕುಡಿತ ಬಿಡುತ್ತಾನೆ, ಮತ್ತು ಆಗ ಹೊಸ ತೊಡಕು ಶುರುವಾಗುತ್ತದೆ. ಅವನಿಲ್ಲದೆ ನಿಲ್ಲಲು ಕಲಿತ ಮನೆಯಲ್ಲಿ ಅವನಿಗೆ ಕೂರಲು ಜಾಗವಿಲ್ಲ. ಷಾನ ತಂದೆಯ ಸಂಗತಿಗೆ ಮತ್ತೆ ಬರುತ್ತೇನೆಂದುದು ಇದಕ್ಕಾಗಿಯೇ.

ಇದಕ್ಕೇನಾದರೂ ಉಪಾಯವುಂಟೆ? ವ್ಯಸನಿಗಳೇ ಕೂಡಿ ಪರಸ್ಪರ ಕೈಹಿಡಿಯುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘ 1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ ಹುಟ್ಟಿತು. ಸಂಸ್ಥಾಪಕರಲ್ಲೊಬ್ಬನ ಹೆಂಡತಿ ಲೋಯಿಸ್ ವಿಲ್ಸನ್, ಗಂಡ ಕುಡಿತ ಬಿಟ್ಟ ಮೇಲೂ ತನ್ನ ಮನಸ್ಸು ಸರಿಯಾಗಿಲ್ಲವೆಂಬುದನ್ನು ಕಂಡುಕೊಂಡಳು. 1951ರಲ್ಲಿ ಮನೆಯವರಿಗಾಗಿಯೇ ಅಲ್‌-ಅನಾನ್ ಎಂಬ ಬೇರೆ ಸಂಘ ಆಕೆ ಮತ್ತು ಗೆಳತಿಯರಿಂದ ರೂಪುಗೊಂಡಿತು. 1957ರಲ್ಲಿ ಹರೆಯದ ಮಕ್ಕಳಿಗಾಗಿ ಅಲಟೀನ್ ಬಂತು. ಕುಡಿತಕ್ಕೆ ತಾನು ಕಾರಣನಲ್ಲ, ಅದನ್ನು ಬಿಡಿಸುವುದೂ ತನ್ನ ಕೈಯಲ್ಲಿಲ್ಲ ಎಂಬ ತಿಳಿವನ್ನು ಮಗುವಿಗೆ ಕೊಡುವುದು ಅಲ್ಲಿಯ ಮುಖ್ಯ ಕೆಲಸ. ಕೇಳಲು ಸುಲಭ. ತಾನು ಹೆಚ್ಚು ಅಂಕ ತಂದರೆ ಅಪ್ಪ ಕುಡಿಯುವುದಿಲ್ಲವೆಂದು ನಂಬಿ ಓದಿದ ಮಗುವಿಗೆ ಅದು ಸುಲಭವಲ್ಲ.

ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ವ್ಯಸನಿಗೆ ಚಿಕಿತ್ಸೆ ಕೊಡುವಾಗ ಮನೆಯವರನ್ನೂ ಕೂರಿಸಿ ಮಾತನಾಡುತ್ತದೆ. ಬಹುಕಾಲ ಕುಡಿದವನು ಮನೆಯಲ್ಲೇ ಹಠಾತ್ತನೆ ನಿಲ್ಲಿಸಿದರೆ ಸನ್ನಿ ಹಿಡಿದು ಪ್ರಾಣಾಪಾಯವೂ ಆಗಬಹುದಾದ್ದರಿಂದ ವೈದ್ಯರ ಕಣ್ಣಳತೆಯಲ್ಲಿ ಬಿಡಿಸುವುದೇ ಲೇಸು. ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆ ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದೆ. ಬಿಟ್ಟವರು ಆಮೇಲೆಯೂ ಕೂಡುವಂತೆ ನವಜೀವನ ಸಮಿತಿಗಳಿವೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಸಾರಾಯಿ ಕುಡಿಯುತ್ತಿದ್ದ ಹಲವರು ಅಗ್ಗದ ಬ್ರಾಂದಿಗೆ ತಿರುಗಿದರು. 2019ರ ಜನವರಿಯಲ್ಲಿ ಮದ್ಯ ನಿಷೇಧವನ್ನು ಬೇಡುತ್ತ ಹಳ್ಳಿಯ ಹೆಂಗಸರು ಸಾವಿರಗಟ್ಟಲೆಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಅದೇ ವರ್ಷ ದೆಹಲಿಯ ಏಮ್ಸ್ ಸಂಸ್ಥೆಯ ಮುಂದಾಳ್ತನದಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ವರದಿ ಹೊರಬಂತು. ಮದ್ಯದಿಂದ ತೊಂದರೆಗೊಳಗಾಗಿ ನೆರವು ಬೇಕಾದವರು ದೇಶದಲ್ಲಿ 5.7 ಕೋಟಿಗೂ ಮೇಲೆಂದು ಅದು ಹೇಳಿತು. ಆ ಎಣಿಕೆ ಕುಡಿಯುವವರದು. ಅವರ ಮನೆಯಲ್ಲಿರುವವರನ್ನು ಅದಕ್ಕೆ ಓದುಗರೇ ಕೂಡಿಸಿಕೊಳ್ಳಬೇಕು.

ನನ್ನ ಆ ವಿದ್ಯಾರ್ಥಿನಿ ಈಗ ಬ್ಯಾಂಕೊಂದರಲ್ಲಿ ಅಧಿಕಾರಿ. ಹೋದ ವರ್ಷ ಮನೆಗೆ ಕರೆದಿದ್ದಳು. ಅಂಕಪಟ್ಟಿಯ ವಿಷಯವನ್ನು ನಾನೇ ಎತ್ತಿ, ತಪ್ಪಾಯಿತಮ್ಮ ಎಂದೆ. “ಬಿಡಿ ಸಾರ್, ಸಹಿ ನಾನೇ ಹಾಕಿದ್ದು ನಿಜ ತಾನೆ” ಎಂದು ನಕ್ಕಳು. ತಂದೆ ಕುಡಿತ ಬಿಟ್ಟು ಆರು ವರ್ಷಗಳಾಗಿದ್ದುವು. ಬೆಳಿಗ್ಗೆ ಹೂ ಕೊಯ್ದು ತರುತ್ತಾರೆ, ಮೊಮ್ಮಗುವನ್ನು ಶಾಲೆಗೆ ಬಿಟ್ಟು ಬರುತ್ತಾರೆ. ನಾವು ಕಾಫಿ ಕುಡಿಯುತ್ತಿದ್ದಾಗ ಹೊರಗೆ ಗೇಟಿನ ಅಗುಳಿಯ ಸದ್ದಾಯಿತು. ಅವಳ ತಾಯಿ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಎದ್ದರು. ಮೇಜಿನ ಮೇಲಿದ್ದ ಗಾಜಿನ ಹೂಜಿಯನ್ನೂ ಲೋಟಗಳನ್ನೂ ಎತ್ತಿಕೊಂಡು ಒಳಗಿಟ್ಟು ಬಂದು ಕುಳಿತರು. ತಂದೆ ಸೊಪ್ಪಿನ ಚೀಲ ಹಿಡಿದು ಒಳಕ್ಕೆ ಬಂದು ನನಗೆ ನಮಸ್ಕಾರ ಮಾಡಿದರು. ಆಮೇಲೆ ತಾಯಿ ಹೂಜಿಯನ್ನು ಮತ್ತೆ ತಂದು ಮೇಜಿನ ಮೇಲಿಟ್ಟರು.